ಎರಡು ವಿದ್ಯೆ ಒಟ್ಟಿಗೆ ಶುರು ಮಾಡಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ಹೊಸದಾಗಿ ಕಲಿಯುವವರು ಎರಡು ಸಮರ ಕಲೆಗಳನ್ನು ಒಟ್ಟಿಗೆ ಕಲಿಯಬಹುದಾ? ಆ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಈ ಅಂಕಣವನ್ನು ಮೊದಲ ಸಲ ಓದುತ್ತಿರುವವರಿಗೆ ಒಂದು ಮಾತು. ನಾನು ಧಾರವಾಡದಲ್ಲಿ ಜೂಡೊ ಹೇಳಿಕೊಡುತ್ತೇನೆ. ಶಾಲೆಯಲ್ಲಿದ್ದಾಗ ಶೋಟೊಕಾನ್ ಅನ್ನುವ ಪಂಥದ ಕರಾಟೆ ಕಲಿತಿದ್ದೆ. ಜೂಡೊ ಕಡೆ ನನ್ನ ಒಲವು ಜಾಸ್ತಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಗಳನ್ನು ಓದಿ.

ಪ್ರಶ್ನೆ: ನನಗೆ 27 ವರ್ಷ. ಬ್ಯಾಂಕ್ ಕೆಲಸ. ಇದುವರೆಗೆ ಯಾವ ಆಟವನ್ನೂ ಆಡಿದವಳಲ್ಲ. ಮನೆ ಹತ್ತಿರ ಬಾಕ್ಸಿಂಗ್ ಕ್ಲಾಸ್ ಇದೆ, ಬ್ಯಾಂಕ್ ಹತ್ತಿರ ಜೂಡೊ ಕ್ಲಾಸ್ ಇದೆ. ಎರಡೂ ನೋಡಿ ಬಂದೆ, ಎರಡೂ ಇಷ್ಟವಾದವು. ಸೋಮವಾರ, ಬುಧವಾರ ಬಾಕ್ಸಿಂಗ್. ಮಂಗಳವಾರ, ಗುರುವಾರ, ಶನಿವಾರ ಜೂಡೊ ಎಂದುಕೊಂಡಿದ್ದೇನೆ. ಎರಡರಲ್ಲೂ ಅರೆಬರೆ ಆಗ್ತೀಯಾ ಅಂತ ಗೆಳತಿಯರು ಹೆದರಿಸುತ್ತಿದ್ದಾರೆ. ನಿಜವಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅರೆಬರೆ ಆಗಲೇಬೇಕು ಅಂತೇನಿಲ್ಲ. ನೀವು ಆರಿಸಿಕೊಂಡಿರುವುದು ಒಳ್ಳೆಯ ಜೋಡಿ. ಎದುರಿನವರು ಒಂದು ತೋಳಿನ ದೂರದಲ್ಲಿ ನಿಂತಾಗ ಏನು ಮಾಡಬೇಕು ಅನ್ನುವುದು ಬಾಕ್ಸಿಂಗ್ ಪಾಠ. ಅವರು ಹತ್ತಿರ ಬಂದು ಕಾಲರ್ ಹಿಡಿದ ಮೇಲೆ ಏನು ಮಾಡಬೇಕು ಅನ್ನುವುದು ಜೂಡೊ ಪಾಠ. ಮೈಗೆ ಇವೆರಡೂ ಬೇರೆ ಬೇರೆ ಸಂದರ್ಭ. ಹಾಗಾಗಿ ಒಂದು ಪಾಠ ಇನ್ನೊಂದನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಒಂದೇ ಸಂದರ್ಭಕ್ಕೆ ಎರಡು ಉತ್ತರ ಕಲಿಯಲು ಹೋದಾಗ ಕಷ್ಟ ಶುರುವಾಗುತ್ತದೆ. ಕರಾಟೆ ಮತ್ತು ಬಾಕ್ಸಿಂಗ್ ತಗೊಳ್ಳಿ. ಕರಾಟೆಯ ಮೊದಲ ಪಾಠದಲ್ಲೇ, ಬಲಗೈ ಗುದ್ದುವಾಗ ಎಡಗೈ ಹಿಂದಕ್ಕೆ ಬಂದು ಸೊಂಟದ ಪಕ್ಕ ನಿಲ್ಲಬೇಕು. ಅದಕ್ಕೆ ಹಿಕಿತೆ ಅಂತಾರೆ. ಬಾಕ್ಸಿಂಗ್‌ನಲ್ಲಿ ಅದೇ ಎಡಗೈ ಕೆನ್ನೆ ಪಕ್ಕ ಇರಬೇಕು. ಕೆಳಗಿಳಿದರೆ ಮುಂದಿನ ಏಟು ಮುಖಕ್ಕೇ ಬೀಳುತ್ತದೆ. ಈಗ ನನ್ನ ಬಳಿ ಬರುವ ಒಬ್ಬ ಹುಡುಗಿ ಹಿಂದೆ ಇವೆರಡನ್ನೂ ಒಂದೇ ತಿಂಗಳಲ್ಲಿ ಶುರು ಮಾಡಿದ್ದಳು. ಗುದ್ದುವಾಗ ಅವಳ ಇನ್ನೊಂದು ಕೈ ಎದೆಯ ಹತ್ತಿರ ತೂಗಾಡುತ್ತಿತ್ತು. ಸೊಂಟಕ್ಕೂ ಹೋಗುತ್ತಿರಲಿಲ್ಲ, ಕೆನ್ನೆಗೂ ಬರುತ್ತಿರಲಿಲ್ಲ. ಎರಡೂ ಕಡೆ ಬೈಸಿಕೊಂಡಳು, ಪಾಪ. ಅವಳ ಶ್ರದ್ಧೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಒಂದು ಅಭ್ಯಾಸ ಗಟ್ಟಿಯಾಗುವ ಮೊದಲೇ ಅದಕ್ಕೆ ಉಲ್ಟಾ ಅಭ್ಯಾಸವನ್ನು ಅದೇ ಕೈಗೆ ಹೇರಿದ್ದರು, ಅಷ್ಟೇ.

ನಿಮಗೆ ಆ ತೊಂದರೆ ಕಡಿಮೆ. ಹಾಗಿದ್ದರೂ ಎರಡನ್ನೂ ಒಂದೇ ವಾರ ಶುರು ಮಾಡಬೇಡಿ. ಮೊದಲ ನಾಲ್ಕು ತಿಂಗಳು ಜೂಡೊ ಮಾತ್ರ ಮಾಡಿ. ನಾನು ಜೂಡೊದವಳು ಅಂತ ಹೀಗೆ ಹೇಳುತ್ತಿಲ್ಲ. ಜೂಡೊದಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಇನ್ನೊಬ್ಬರನ್ನು ಎಸೆಯುವುದು ಆಮೇಲೆ. ಈ ಬೀಳುವ ಪಾಠಕ್ಕೆ ಉಕೆಮಿ ಅಂತ ಹೆಸರು. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಅಂಟಿರಬೇಕು, ಕಣ್ಣು ಸ್ವಂತ ಬೆಲ್ಟಿನ ಗಂಟು ನೋಡಬೇಕು. ಆಗ ತಲೆ ನೆಲಕ್ಕೆ ಬಡಿಯುವುದಿಲ್ಲ. ಕೈ ಚಾಚಿ ಅಂಗೈ ಊರಬಾರದು. ಮಣಿಕಟ್ಟು ಮುರಿಯುವುದು ಹಾಗೆ ಊರಿದಾಗಲೇ. ಇಡೀ ತೋಳು ಮೈ ಪಕ್ಕದಲ್ಲಿ ಓರೆಯಾಗಿ ಚಾಪೆಗೆ ಬಡಿಯಬೇಕು. ಉಸಿರು ಬಿಗಿಹಿಡಿಯದೆ ಹೊರಗೆ ಬಿಡಬೇಕು. ಬಾಯಲ್ಲಿ ಹೇಳುವುದು ಸುಲಭ. ಬಿದ್ದ ಮೇಲೆ ಯೋಚಿಸಲು ಸಮಯ ಇರುವುದಿಲ್ಲ, ಮೈ ತಾನೇ ಮಾಡಬೇಕು. ಅದಕ್ಕೆ ತಿಂಗಳುಗಳು ಬೇಕು. ಬಚ್ಚಲಲ್ಲಿ ಜಾರಿದಾಗ, ಸ್ಕೂಟರ್ ಸ್ಕಿಡ್ ಆದಾಗ ಕೂಡ ಕೆಲಸಕ್ಕೆ ಬರುವ ವಿದ್ಯೆ ಇದು. ನನ್ನನ್ನು ಕೇಳಿದರೆ, ಎಲ್ಲ ಸಮರ ಕಲೆಗಳಲ್ಲೂ ಸಾಮಾನ್ಯ ಮನುಷ್ಯರಿಗೆ ಇಷ್ಟು ಉಪಯೋಗದ ಪಾಠ ಇನ್ನೊಂದಿಲ್ಲ.

ಬಾಕ್ಸಿಂಗ್ ಯಾವಾಗ ಸೇರಿಸಬೇಕು? ತಿಂಗಳ ಲೆಕ್ಕಕ್ಕಿಂತ ಒಂದು ಗುರುತು ಹೇಳುತ್ತೇನೆ. ಕ್ಲಾಸಿನ ಕೊನೆಗೆ ರಂದೊರಿ ಇರುತ್ತದೆ, ಅಂದರೆ ಇಬ್ಬರೂ ನಿಜವಾಗಿ ಸೆಣಸುವ ಅಭ್ಯಾಸ. ಅಷ್ಟು ಹೊತ್ತಿಗೆ ಸುಸ್ತಾಗಿರುತ್ತೀರಿ. ಆಗ ಯಾರೋ ಅನಿರೀಕ್ಷಿತವಾಗಿ ಕಾಲು ಸವರಿ ಕೆಡವುತ್ತಾರೆ. ನೀವು ಏನೂ ಯೋಚಿಸದೆ ಗದ್ದ ಒಳಗೆ ಹೋಗಿ, ತೋಳು ಚಾಪೆಗೆ ಬಡಿದರೆ ಮೊದಲ ವಿದ್ಯೆ ಬೇರು ಬಿಟ್ಟಿದೆ. ಮರುದಿನವೇ ಬಾಕ್ಸಿಂಗ್ ಫೀಸ್ ಕಟ್ಟಿ. ಕೆಲವರಿಗೆ ಇದು ಮೂರೇ ತಿಂಗಳಿಗೆ ಬರುತ್ತದೆ, ಕೆಲವರಿಗೆ ಎಂಟು ತಿಂಗಳು ಬೇಕಾಗುತ್ತದೆ.

ವಾರಕ್ಕೆ ಐದು ದಿನ ಬೇಡವೇ ಬೇಡ. ಇಷ್ಟು ದಿನ ಕುರ್ಚಿಯಲ್ಲಿ ಕೂತ ಮೈ ನಿಮ್ಮದು. ಸ್ನಾಯುಗಳು ಬೇಗ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ನಿಧಾನ. ಎರಡನೇ ತಿಂಗಳಿಗೆ ಶಕ್ತಿ ಬಂತು ಅನ್ನಿಸುತ್ತದೆ, ಆದರೆ ಮೊಣಕೈ, ಭುಜ, ಬೆರಳುಗಳು ಇನ್ನೂ ತಯಾರಾಗಿರುವುದಿಲ್ಲ. ಅದರಲ್ಲೂ ಬೆರಳು. ಜೂಡೊದಲ್ಲಿ ದಪ್ಪ ಅಂಗಿಯ ತೋಳು, ಕಾಲರ್ ಹಿಡಿದೂ ಹಿಡಿದೂ ಗೆಣ್ಣುಗಳು ಊದುತ್ತವೆ. ಮರುದಿನ ಅದೇ ಬೆರಳು ಮಡಚಿ ಗ್ಲೌಸ್ ಒಳಗೆ ಮುಷ್ಟಿ ಕಟ್ಟಲು ಹೋದರೆ ಸರಿಯಾಗಿ ಮಡಚುವುದಿಲ್ಲ. ಸಡಿಲ ಮುಷ್ಟಿಯಲ್ಲಿ ಬ್ಯಾಗ್ ಗುದ್ದಿದರೆ ಮಣಿಕಟ್ಟು ಉಳುಕುತ್ತದೆ. ಆದ್ದರಿಂದ ಮೊದಲು ಮಂಗಳ, ಗುರು, ಶನಿ ಜೂಡೊ. ಆಮೇಲೆ ಸೋಮವಾರ ಬಾಕ್ಸಿಂಗ್, ಗುರುವಾರ ಮತ್ತು ಶನಿವಾರ ಜೂಡೊ. ಎರಡು ಕ್ಲಾಸ್ ನಡುವೆ ಒಂದು ದಿನವಾದರೂ ಬಿಡುವು ಸಿಗುತ್ತದೆ. ಒಂದು ವರ್ಷ ಇದು ಸಾಕು.

ನಿಮ್ಮ ಜೋಡಿಯಲ್ಲೂ ಒಂದು ಕಡೆ ತಿಕ್ಕಾಟ ಇದೆ. ಅದು ಕಾಲಿನಲ್ಲಿ. ಬಾಕ್ಸಿಂಗ್‌ನಲ್ಲಿ ಹಿಮ್ಮಡಿ ಎತ್ತಿ, ಮುಂಗಾಲ ಮೇಲೆ ಹಗುರಾಗಿ ಪುಟಿಯುತ್ತಾ ಓಡಾಡುತ್ತಾರೆ. ಜೂಡೊದಲ್ಲಿ ಪಾದವನ್ನು ಚಾಪೆಗೆ ಸವರುತ್ತಾ ಜಾರಿಸಬೇಕು. ಪಾದ ಗಾಳಿಯಲ್ಲಿದ್ದು ನೆಲ ಮುಟ್ಟುವ ಆ ಕ್ಷಣಕ್ಕೆ ಕಾದು ಹೊಡೆಯುವ ಪಟ್ಟೇ ಇದೆ, ದೆಆಶಿ ಬರಾಯಿ ಅಂತ. ಪುಟಿಯುವವರು ಅದಕ್ಕೆ ಸುಲಭದ ತುತ್ತು. ಬಾಕ್ಸಿಂಗ್ ಶುರುವಾದ ಮೇಲೆ ಜೂಡೊ ಕ್ಲಾಸಿಗೆ ಐದು ನಿಮಿಷ ಮುಂಚೆ ಹೋಗಿ, ಚಾಪೆಯ ಈ ತುದಿಯಿಂದ ಆ ತುದಿಗೆ ಪಾದ ಜಾರಿಸಿ ನಡೆಯಿರಿ. ಈ ದಿನ ಯಾವ ನಡಿಗೆ ಅನ್ನುವುದು ಮೈಗೆ ನೆನಪಾಗುತ್ತದೆ.

ತಲೆಯ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಾಕ್ಸಿಂಗ್ ಕಲಿಯುವವರೆಲ್ಲ ಮುಖಕ್ಕೆ ಏಟು ತಿನ್ನಲೇಬೇಕು ಅಂತಿಲ್ಲ. ಬ್ಯಾಗ್, ಪ್ಯಾಡ್, ಕಾಲಿನ ಚಲನೆ, ಹಗ್ಗದಾಟ, ಇದರಲ್ಲೇ ತಿಂಗಳುಗಟ್ಟಲೆ ಕಲಿಯುವುದಿದೆ. ಸೇರಿದ ಎರಡನೇ ವಾರಕ್ಕೆ ಯಾರಾದರೂ ನಿಮ್ಮನ್ನು ಜೋರು ಸ್ಪಾರಿಂಗ್‌ಗೆ, ಅಂದರೆ ಎದುರಾಳಿಯ ಜೊತೆ ಗುದ್ದಾಡುವ ಅಭ್ಯಾಸಕ್ಕೆ, ಇಳಿಸಿದರೆ ಬೇಡ ಅನ್ನಿ. ಹೆಡ್‌ಗಾರ್ಡ್ ಹಾಕಿದ್ದೇವೆ ಅಂತಾರೆ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಪ್ಪಿಸುತ್ತದೆ. ತಲೆಯೊಳಗೆ ಮಿದುಳು ಅಲುಗುವುದನ್ನು ಅದು ತಡೆಯುತ್ತದೆ ಅಂತ ನಂಬಬೇಡಿ. ಏಟು ತಿಂದ ಮೇಲೆ ತಲೆನೋವು, ವಾಕರಿಕೆ, ಮಂಪರು ಬಂದರೆ ವೈದ್ಯರನ್ನು ನೋಡಿ. ಅವರು ಹೂಂ ಅನ್ನುವ ತನಕ ಜೂಡೊ ಚಾಪೆಯನ್ನೂ ಹತ್ತಬೇಡಿ. ಆ ಸ್ಥಿತಿಯಲ್ಲಿ ಒಂದು ಸಣ್ಣ ಬೀಳುವಿಕೆಯೂ ದೊಡ್ಡ ಅಪಾಯ. ಎರಡು ವಿದ್ಯೆ ಕಲಿಯುವವರು ಇಲ್ಲೇ ಎಡವುತ್ತಾರೆ. ಒಂದು ಕಡೆ ಆದ ಪೆಟ್ಟು ಇನ್ನೊಂದು ಕಡೆಯ ಗುರುಗಳಿಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಇಬ್ಬರಿಗೂ ಮೊದಲೇ ಹೇಳಿಬಿಡಿ, ನಾನು ಅಲ್ಲೂ ಕಲಿಯುತ್ತಿದ್ದೇನೆ ಅಂತ. ಮುಖ ಗಂಟಿಕ್ಕುವವರು ಇರುತ್ತಾರೆ, ಇರಲಿ.

ಇನ್ನು ಗೆಳತಿಯರ ಮಾತು. ಕಾನೊ ಜಿಗೊರೊ 1882ರಲ್ಲಿ ಜೂಡೊ ಕಟ್ಟಿದ್ದೇ ಜಪಾನಿನ ಹಳೆಯ ಹಿಡಿತದ ವಿದ್ಯೆಯಾದ ಜುಜುತ್ಸುವಿನ ಎರಡು ಪಂಥಗಳನ್ನು ಕಲಿತು. ಆದರೆ ಕಾಲ ನೋಡಿ. ಟೆಂಜಿನ್ ಶಿನ್ಯೊ ಪಂಥದಲ್ಲಿ ಅವರು ಶುರು ಮಾಡಿದ್ದು 1877ರಲ್ಲಿ. ಎಸೆತಗಳಿಗೆ ಹೆಸರಾದ ಕಿಟೊ ಪಂಥದ ಗುರುಗಳ ಬಳಿ ಹೋದದ್ದು 1881ರಲ್ಲಿ. ನಡುವೆ ನಾಲ್ಕು ವರ್ಷ ಇದೆ. ವಾಡೊ ಕರಾಟೆ ಕಟ್ಟಿದ ಒತ್ಸುಕಾ ಹಿರೊನೊರಿ ಕೂಡ ಬಾಲ್ಯದಿಂದ ಜುಜುತ್ಸು ಕಲಿತವರು. ಶೋಟೊಕಾನ್ ಕರಾಟೆಯ ಫುನಾಕೊಶಿ ಗಿಚಿನ್ ಅವರ ಬಳಿ ಕರಾಟೆಗೆ ಬಂದದ್ದು 1922ರಲ್ಲಿ, ದೊಡ್ಡವರಾದ ಮೇಲೆ. ಇವರು ಯಾರೂ ಅರೆಬರೆ ಆಗಲಿಲ್ಲ. ಒಂದರ ಮೇಲೆ ನಿಂತು ಇನ್ನೊಂದಕ್ಕೆ ಕೈ ಚಾಚಿದರು. ಗೆಳತಿಯರಿಗೆ ಇದನ್ನು ಹೇಳಿ. ಆಗಲಿ ಅಂದರೆ ಅವರನ್ನೂ ಜೂಡೊ ಕ್ಲಾಸಿಗೆ ಕರೆದುಕೊಂಡು ಬನ್ನಿ, ಜೊತೆಗಾರರಿದ್ದರೆ ಬೀಳುವ ಭಯ ಬೇಗ ಹೋಗುತ್ತದೆ.

ಪ್ರಶ್ನೆ: ಮಗನಿಗೆ 9 ವರ್ಷ. ಶಾಲೆಯಲ್ಲಿ ಕರಾಟೆ ಇದೆ, ಸಂಜೆ ಬಡಾವಣೆಯಲ್ಲಿ ಟೇಕ್ವಾಂಡೊ. ಎರಡೂ ಒಂದೇ ತರಹ ಇದೆ, ಬೇಗ ಕಲಿಯುತ್ತಾನೆ ಅಂತ ಸೇರಿಸಿದೆವು. ಈಗ ಎರಡೂ ಕಡೆ ಬೆಲ್ಟ್ ಪರೀಕ್ಷೆ ಬಂದಿದೆ. ಅಲ್ಲಿಯದನ್ನು ಇಲ್ಲಿ, ಇಲ್ಲಿಯದನ್ನು ಅಲ್ಲಿ ಮಾಡಿ ಅಳುತ್ತಾನೆ. ಅಭ್ಯಾಸ ಸಾಲದಾ?
– ತಾಯಿ, ದಾವಣಗೆರೆ

ಉತ್ತರ: ಅಭ್ಯಾಸ ಸಾಲದೆ ಹೀಗಾಗಿಲ್ಲ. ನಿಮ್ಮ ಮಗನನ್ನು ದಯವಿಟ್ಟು ಬೈಯಬೇಡಿ. ಎರಡೂ ಒಂದೇ ತರಹ ಇರುವುದರಿಂದಲೇ ಅವನಿಗೆ ಕಷ್ಟವಾಗಿದೆ.

ಶೋಟೊಕಾನ್ ಕರಾಟೆಯಲ್ಲಿ ಹೊಸಬರು ಕಲಿಯುವ ಕತಾ, ಅಂದರೆ ಒಬ್ಬರೇ ಮಾಡುವ ಚಲನೆಗಳ ಸರಣಿ, ಹೇಯಾನ್ ಶೊದಾನ್. ಟೇಕ್ವಾಂಡೊದಲ್ಲಿ ಅಂಥ ಸರಣಿಗೆ ಪೂಮ್ಸೆ ಅಂತಾರೆ, ಮೊದಲನೆಯದು ಟೇಗುಕ್ ಇಲ್ ಜಾಂಗ್. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಮೊದಲು ಎಡಕ್ಕೆ ತಿರುಗಿ ಎಡಗೈಯಿಂದ ಕೆಳಗಿನ ಏಟು ತಡೆಯಬೇಕು. ಆಮೇಲೆ ಬಲಗಾಲು ಮುಂದಿಟ್ಟು ಬಲಗೈಯಿಂದ ಗುದ್ದಬೇಕು. ಆಮೇಲೆ ಹಿಂದಕ್ಕೆ ತಿರುಗಿ ಬಲಗೈ ತಡೆ. ಇಲ್ಲಿಯವರೆಗೆ ಕೈ ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮುಂದಿನ ಹೆಜ್ಜೆಗೆ ದಾರಿ ಬೇರೆಯಾಗುತ್ತದೆ. ಕರಾಟೆಯಲ್ಲಿ ಕೈಯನ್ನು ಸುತ್ತಿ ತಂದು ಮುಷ್ಟಿಯಿಂದ ಸುತ್ತಿಗೆಯಂತೆ ಕುಟ್ಟಬೇಕು. ಟೇಕ್ವಾಂಡೊದಲ್ಲಿ ಅದಿಲ್ಲ, ನೇರ ಎಡಗಾಲು ಮುಂದಿಟ್ಟು ಗುದ್ದಬೇಕು. ನಿಲುವೂ ಬೇರೆ. ಕರಾಟೆಯಲ್ಲಿ ಉದ್ದ ಹೆಜ್ಜೆ ಹಾಕಿ, ಮುಂದಿನ ಮೊಣಕಾಲು ಬಗ್ಗಿಸಿ ಮೈ ಇಳಿಸಬೇಕು. ಟೇಕ್ವಾಂಡೊದ ಆ ಪಾಠದಲ್ಲಿ ಹೆಚ್ಚಿನ ಹೆಜ್ಜೆಗಳು ಬೀದಿಯಲ್ಲಿ ನಡೆಯುವಷ್ಟೇ ಉದ್ದ. ಒಂಬತ್ತು ವರ್ಷದ ಮಗು ಮೂರು ಚಲನೆ ಸರಿಯಾಗಿ ಮಾಡಿ, ನಾಲ್ಕನೆಯದಕ್ಕೆ ದಾರಿ ತಪ್ಪಿದರೆ ಅದರಲ್ಲಿ ಅವನ ತಪ್ಪೇನಿದೆ?

ಪಂದ್ಯದ ನಿಯಮಗಳಲ್ಲಂತೂ ಇನ್ನೂ ದೊಡ್ಡ ಅಂತರ ಇದೆ. ಟೇಕ್ವಾಂಡೊದಲ್ಲಿ ಎದೆಗೆ ಕಟ್ಟಿದ ಕವಚದೊಳಗೆ ಎಲೆಕ್ಟ್ರಾನಿಕ್ ಸೆನ್ಸರ್ ಇರುತ್ತದೆ. ಸಾಕಷ್ಟು ಜೋರಾಗಿ ಒದೆಯದಿದ್ದರೆ ಅಂಕವೇ ಬರುವುದಿಲ್ಲ. ಕ್ರೀಡಾ ಕರಾಟೆಯಲ್ಲಿ ಏಟನ್ನು ಹಿಡಿತದಲ್ಲಿಟ್ಟು ತೋರಿಸಬೇಕು. ಜೋರಾಗಿ ತಾಗಿಸಿದರೆ ದಂಡ. ಇಲ್ಲಿ ಶಾಭಾಷ್ ಸಿಗುವ ಒದೆತಕ್ಕೆ ಅಲ್ಲಿ ಎಚ್ಚರಿಕೆ ಸಿಗುತ್ತದೆ. ದೊಡ್ಡವರಿಗೆ ಇದನ್ನು ಕೂರಿಸಿ ವಿವರಿಸಬಹುದು. ಮಕ್ಕಳಿಗೆ ಅನ್ಯಾಯ ಅನ್ನಿಸುತ್ತದೆ.

ಒಂದನ್ನು ಇಟ್ಟುಕೊಳ್ಳಿ. ಈ ಸಲದ ಒಂದು ಪರೀಕ್ಷೆ ಹೋದರೆ ಹೋಗಲಿ. ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದನ್ನು ಅವನನ್ನೇ ಕೇಳಿ. ಅವನಿಗೆ ಗೊತ್ತಾಗದಿದ್ದರೆ ಎರಡೂ ಕ್ಲಾಸಿಗೆ ಹೋಗಿ ಪೂರ್ತಿ ಹೊತ್ತು ಕೂತು ನೋಡಿ. ಒಬ್ಬ ಗುರುಗಳ ಕೈಕೆಳಗೆ ಎಷ್ಟು ಮಕ್ಕಳಿದ್ದಾರೆ? ಹಿಂದಿನ ಸಾಲಿನ ಮಗುವಿನ ಹೆಸರು ಅವರಿಗೆ ಗೊತ್ತಿದೆಯಾ? ಕಾಲು ಬಗ್ಗದ ಮಗುವಿನ ಭುಜ ಒತ್ತಿ ಬಲವಂತವಾಗಿ ಬಗ್ಗಿಸುತ್ತಾರಾ? ನೀರು ಕುಡಿಯಲು ಬಿಡುತ್ತಾರಾ? ಬೆಲ್ಟಿನ ಬಣ್ಣ, ಗೋಡೆ ಮೇಲಿನ ಕಪ್‌ಗಳಿಗಿಂತ ಇವು ಮುಖ್ಯ. ಉಳಿದ ಸಂಜೆಗಳಲ್ಲಿ ಖೋಖೋ ಆಡಲಿ, ಈಜಲಿ. ಖೋಖೋ ಆಡಿದ ಮಕ್ಕಳ ಕಾಲಿನ ಚುರುಕು ನಮ್ಮ ಚಾಪೆಯ ಮೇಲೆ ತಕ್ಷಣ ಗೊತ್ತಾಗುತ್ತದೆ. 12–13 ವಯಸ್ಸಿಗೆ ಅವನಿಗೇ ಇನ್ನೊಂದು ಬೇಕೆನಿಸಿದರೆ ಆಗ ಸೇರಿಸಿ.

ಪ್ರಶ್ನೆ: ನಮ್ಮೂರಿನ ಗರಡಿಯಲ್ಲಿ ಚಿಕ್ಕಂದಿನಿಂದ ಕುಸ್ತಿ ಮಾಡಿದ್ದೇನೆ. ಈಗ ಬೆಂಗಳೂರಿನಲ್ಲಿ ಡಿಗ್ರಿ. ಇಲ್ಲಿ ಜೂಡೊ ಮತ್ತು ಬ್ರೆಜಿಲಿಯನ್ ಜುಜಿತ್ಸು ಎರಡಕ್ಕೂ ಸೇರಬೇಕೆಂದಿದ್ದೇನೆ. ಎರಡಕ್ಕೂ ನಾನು ಹೊಸಬ. ಒಟ್ಟಿಗೆ ಆಗುತ್ತಾ?
– ವಿದ್ಯಾರ್ಥಿ, ಬಾಗಲಕೋಟೆ ಜಿಲ್ಲೆ

ಉತ್ತರ: ಪತ್ರ ಓದಿ ಬಹಳ ಖುಷಿಯಾಯಿತು. ನೀವು ಹೊಸಬರು ಅಂತ ನಾನು ಒಪ್ಪುವುದಿಲ್ಲ. ಮಟ್ಟಿಯಲ್ಲಿ ದಂಡ, ಬಸ್ಕಿ ಹೊಡೆದ ಮೈ, ಎದುರಾಳಿಯ ಭಾರ ಯಾವ ಕಡೆ ವಾಲುತ್ತಿದೆ ಅಂತ ಕೈಯಲ್ಲೇ ತಿಳಿಯುವ ಗುಣ, ಇವು ನಿಮ್ಮ ಬಳಿ ಆಗಲೇ ಇವೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಬೆಳಗಾವಿಯ ಮಲಪ್ರಭಾ ಜಾಧವ್ 52 ಕೆಜಿ ವಿಭಾಗದಲ್ಲಿ ಕುರಾಶ್‌ನಲ್ಲಿ ಕಂಚು ಗೆದ್ದರು. ಕುರಾಶ್ ಅಂದರೆ ಉಜ್ಬೇಕಿಸ್ತಾನದ ಕಡೆಯ ಕುಸ್ತಿ. ಮಲಪ್ರಭಾ ಮೂಲತಃ ಜೂಡೊದವರು. ಹಿಡಿತದ ವಿದ್ಯೆ ಒಂದು ಕೈವಶವಾದರೆ ಇನ್ನೊಂದರ ಬಾಗಿಲು ಅರ್ಧ ತೆರೆದೇ ಇರುತ್ತದೆ.

ಆದರೂ ಮೊದಲ ಆರು ತಿಂಗಳು ಒಂದೇ ಇರಲಿ. ಯಾಕೆಂದರೆ ನೀವು ಎರಡು ಕಲಿಯುತ್ತಿಲ್ಲ, ಕುಸ್ತಿ ಸೇರಿ ಮೂರು ಆಗುತ್ತದೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿ ಚಿತ್ ಆದರೆ ಸೋಲು. ಹಾಗಾಗಿ ಕೆಳಗೆ ಬಿದ್ದ ಕೂಡಲೇ ಹೊಟ್ಟೆ ಕಡೆ ಹೊರಳುವುದು ನಿಮ್ಮ ಮೈಗೆ ಅಭ್ಯಾಸವಾಗಿರುತ್ತದೆ. ಜುಜಿತ್ಸುದಲ್ಲಿ ಹಾಗೆ ಹೊರಳಿದರೆ ಎದುರಾಳಿ ಬೆನ್ನೇರಿ ಕತ್ತು ಸುತ್ತುತ್ತಾನೆ. ಅಲ್ಲಿ ಬೆನ್ನ ಮೇಲೆ ಮಲಗಿ, ಎರಡು ಕಾಲಿನ ನಡುವೆ ಎದುರಾಳಿಯನ್ನು ಹಿಡಿದು ಸೆಣಸುವುದೇ ದೊಡ್ಡ ವಿದ್ಯೆ. ಇನ್ನು ಜೂಡೊದಲ್ಲಿ ನಿಮಗೆ ಪ್ರಿಯವಾದ ಕಾಲು ಹಿಡಿಯುವ ಪಟ್ಟುಗಳಿಗೆ 2010ರಿಂದ ಅಂತಾರಾಷ್ಟ್ರೀಯ ನಿಯಮದಲ್ಲಿ ಕಡಿವಾಣ ಬಿದ್ದಿದೆ. ಅದರ ಬದಲು ಎದುರಾಳಿಯ ಬೆನ್ನು ಚಾಪೆಗೆ ತಾಗುವಂತೆ 20 ಸೆಕೆಂಡು ಒತ್ತಿ ಹಿಡಿದರೆ ಪೂರ್ತಿ ಗೆಲುವು. ನಿಮ್ಮ ಚಿತ್ ಮಾಡುವ ಬುದ್ಧಿಗೆ ಇದು ಹತ್ತಿರ.

ನನ್ನ ಸಲಹೆ, ಜೂಡೊ ತರಹದ ದಪ್ಪ ಅಂಗಿ ಹಾಕದೆ ಆಡುವ ಜುಜಿತ್ಸು ಕ್ಲಾಸಿನಿಂದ ಶುರು ಮಾಡಿ. ಜೂಡೊದವಳಾಗಿಯೂ ಇದನ್ನೇ ಹೇಳುತ್ತೇನೆ. ಅಲ್ಲಿ ನಿಮ್ಮ ಕಾಲು ಹಿಡಿತ, ಸೊಂಟದ ಹಿಡಿತ ಎಲ್ಲ ನಡೆಯುತ್ತದೆ. ಏನೂ ಬಿಡಬೇಕಿಲ್ಲ, ನೆಲದ ಕೆಲಸವನ್ನಷ್ಟೇ ಹೊಸದಾಗಿ ಕಲಿಯಬೇಕು. ಅದು ಕುದುರಿದ ಮೇಲೆ ಜೂಡೊಗೆ ಬನ್ನಿ. ಇವೆರಡೂ ಒಂದೇ ಮನೆಯವು. ಕಾನೊ ಅವರ ಜೂಡೊ ಶಾಲೆ ಕೊಡೊಕಾನ್‌ನ ಮಯೆದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಅಲ್ಲಿ ಕಲಿಸಿದ್ದರಿಂದ ಬೆಳೆದದ್ದು ಈ ಜುಜಿತ್ಸು.

ಎರಡು ವಿಷಯ ಮರೆಯಬೇಡಿ. ಒಂದು, ತಟ್ಟುವುದು. ಕೀಲು ತಿರುಚಿದಾಗ, ಕತ್ತು ಒತ್ತಿದಾಗ ಕೈಯಿಂದ ತಟ್ಟಿದರೆ ಎದುರಿನವರು ಬಿಡಬೇಕು. ಗರಡಿಯಲ್ಲಿ ಬೆಳೆದವರಿಗೆ ತಟ್ಟಲು ಮನಸ್ಸೇ ಬರುವುದಿಲ್ಲ. ಕೊನೆವರೆಗೂ ತಡೆಯುತ್ತಾರೆ. ಮೊಣಕೈ ಕೀಲು ನೋವಿನ ಎಚ್ಚರಿಕೆ ಕೊಟ್ಟು ಬಹಳ ಹೊತ್ತು ಕಾಯುವುದಿಲ್ಲ, ಬೇಗ ತಟ್ಟಿ. ಇನ್ನೊಂದು, ಗಜಕರ್ಣ. ಚಾಪೆ ಮೇಲೆ ಮೈಗೆ ಮೈ ತಾಗುವ ಕಡೆ ಬೇಗ ಹರಡುತ್ತದೆ. ದುಂಡಗಿನ ಕೆಂಪು ಕಲೆ ಕಂಡರೆ ಮುಚ್ಚಿಟ್ಟುಕೊಂಡು ಹೋಗಬೇಡಿ. ಅಂಗಡಿಯಲ್ಲಿ ಸಿಗುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ, ಅದು ಇನ್ನೂ ಕೆಡಿಸುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ, ವಾಸಿಯಾದ ಮೇಲೆಯೇ ಚಾಪೆ ಹತ್ತಿ. ಉಗುರು ವಾರಕ್ಕೊಮ್ಮೆ ಕತ್ತರಿಸಿ.

ಪ್ರಶ್ನೆ: ಕಳರಿಪಯಟ್ಟು ಸೇರಿ ಆರು ತಿಂಗಳಾಯಿತು. ಬರೀ ಕಾಲೆತ್ತುವುದು, ಬಗ್ಗುವುದು, ಪ್ರಾಣಿಗಳ ಭಂಗಿ. ಕೋಲು ಕೂಡ ಕೊಟ್ಟಿಲ್ಲ. ಸುಮ್ನೆ ಕಾಯುವ ಬದಲು ಜೊತೆಗೆ ಕರಾಟೆ ಸೇರಲಾ?
– ಹೆಸರು ಬೇಡ, ಮಂಗಳೂರು

ಉತ್ತರ: ಈಗ ಬೇಡ. ವಡಕ್ಕನ್ ಕಳರಿಯ, ಅಂದರೆ ಉತ್ತರ ಕೇರಳದ ಪದ್ಧತಿಯ, ಪಾಠಕ್ರಮವೇ ಹಾಗಿದೆ. ಮೊದಲು ಮೇಯ್‌ತಾರಿ, ಅಂದರೆ ಮೈ ಪಳಗಿಸುವುದು. ಅದಾದ ಮೇಲೆ ಕೋಲ್‌ತಾರಿಯಲ್ಲಿ ಕೋಲುಗಳು, ಅಂಗತ್ತಾರಿಯಲ್ಲಿ ಲೋಹದ ಆಯುಧಗಳು. ಬರಿಗೈ ಕಾದಾಟ ಬರುವುದು ಎಲ್ಲಕ್ಕಿಂತ ಕೊನೆಗೆ. ಕರಾಟೆಯಲ್ಲಿ ಬರಿಗೈಯೇ ಮೊದಲ ದಿನದ ಪಾಠ. ಆರು ತಿಂಗಳಲ್ಲಿ ಕೋಲು ಸಿಗಲಿಲ್ಲ ಅಂದರೆ ನಿಮ್ಮ ಗುರುಗಳು ತಡ ಮಾಡುತ್ತಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ.

ಕಾಲಿನ ವಿಷಯವನ್ನೂ ನೋಡಿ. ಕಳರಿಯಲ್ಲಿ ಮೊಣಕಾಲು ಮಡಿಸದೆ, ಮೇಲೆತ್ತಿದ ಕೈ ಮುಟ್ಟುವಂತೆ ಇಡೀ ಕಾಲು ಬೀಸುತ್ತೀರಿ. ಕರಾಟೆಯಲ್ಲಿ ಮೊದಲು ಮೊಣಕಾಲು ಎತ್ತಿ, ಆಮೇಲೆ ಒದ್ದು, ಕೂಡಲೇ ಎಳೆದುಕೊಳ್ಳಬೇಕು. ಒಂದೇ ಕಾಲು, ಎರಡು ಕ್ರಮ. ತೊಡೆಯ ಹಿಂಭಾಗ ಇನ್ನೂ ಸಡಿಲಾಗದ ಹೊತ್ತಿನಲ್ಲಿ ಎರಡನ್ನೂ ಜೋರಾಗಿ ಮಾಡಿದರೆ ಅಲ್ಲಿಯೇ ಸೆಳೆತ ಬರುತ್ತದೆ.

ಗುರುಗಳನ್ನು ನೇರವಾಗಿ ಕೇಳಿ: ಕೋಲು ಹಿಡಿಯಲು ನನ್ನ ಮೈಯಲ್ಲಿ ಏನು ಸರಿಯಾಗಬೇಕು? ಒಳ್ಳೆಯ ಗುರುಗಳು ಸೊಂಟ ಇಷ್ಟು ಇಳಿಯಬೇಕು, ಈ ಭಂಗಿಯಲ್ಲಿ ಇಷ್ಟು ಹೊತ್ತು ನಿಲ್ಲಬೇಕು ಅಂತ ಸ್ಪಷ್ಟವಾಗಿ ತೋರಿಸುತ್ತಾರೆ. ಅದನ್ನೇ ಗುರಿ ಮಾಡಿಕೊಂಡು ಇನ್ನಾರು ತಿಂಗಳು ಹೋಗಿ. ನಿಮ್ಮ ಆಸೆ ನಿಜಕ್ಕೂ ಎದುರಾಳಿಯ ಜೊತೆ ಸೆಣಸುವುದಾಗಿದ್ದರೆ, ಅದನ್ನೂ ಗುರುಗಳಿಗೆ ಹೇಳಿ, ಕಳರಿ ಬಿಟ್ಟು ಪೂರ್ತಿ ಕರಾಟೆಗೇ ಹೋಗಿ. ಅದರಲ್ಲಿ ಅವಮಾನ ಪಡುವಂಥದ್ದೇನೂ ಇಲ್ಲ.